ಬ್ರೇಕಿಲ್ಲದ ದೋಣಿಯ ನಮ್ಮ ಭಾವ

ನಮ್ಮ ಭಾವನ ಎರಡು ಕೈಗಳು ಒಬ್ಬನೇ ಮನುಷ್ಯನವು ಎಂದು ಹೇಳುವಂತಿರಲಿಲ್ಲ. ಬಲಗೈ ಮೊಣಕೈಯಿಂದ ಕೆಳಕ್ಕೆ ಸುಟ್ಟ ಬದನೆಕಾಯಿಯ ಬಣ್ಣ, ಎಡಗೈ ಗೋಧಿ ಬಣ್ಣ. ಜೀವಮಾನವೆಲ್ಲ ಸರ್ಕಾರಿ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತು ಬಲಗೈಯನ್ನು ಕಿಟಕಿಯ ಬಿಸಿಲಿಗೆ ಒಡ್ಡಿದವರ ಗುರುತು ಅದು. ಮದುವೆ ಮನೆಗಳಲ್ಲಿ ಅವರು ಊಟಕ್ಕೆ ಕೂತರೆ ಎದುರು ಸಾಲಿನ ಮಕ್ಕಳು ಎಲೆಯನ್ನು ಮರೆತು ಆ ಕೈಗಳನ್ನೇ ನೋಡುತ್ತಿದ್ದವು. ಏನು ಭಾವ ಇದು ಎಂದು ನಾನು ರೇಗಿಸಿದರೆ, "ಬಲಗೈ ಸರ್ಕಾರದ್ದು, ಎಡಗೈ ನಿಮ್ಮಕ್ಕಂದು ಕಣಮ್ಮಿ" ಎನ್ನುತ್ತಿದ್ದರು. ಅಕ್ಕ ಒಳಗಿನಿಂದ, "ನಂಗೇನ್ ಬ್ಯಾಡ, ಅದ್ನೂ ಡಿಪೋಗೇ ಕೊಟ್ಬುಡಿ" ಎಂದು ಕೂಗುತ್ತಿದ್ದಳು.

ನಮ್ಮ ತವರು ಸಿಂಧಘಟ್ಟದ ಕಡೆ. ಅಕ್ಕನನ್ನು ಪಾಂಡವಪುರದ ಹತ್ತಿರದ ಊರಿಗೆ ಕೊಟ್ಟಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ಭಾವ ಕೆ.ಆರ್. ಪೇಟೆಯಿಂದ ಹೊರಟು ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗುವ ಬಸ್ಸು ಓಡಿಸುತ್ತಿದ್ದರು. ಮುಂದೆ ನಾನು ಮೈಸೂರಿನ ಕಾಲೇಜಿಗೆ ಸೇರಿದಾಗ ಅದೇ ಬಸ್ಸು. ಹೆಣ್ಣುಮಗಳು ದಿನಾ ಅಷ್ಟು ದೂರ ಓದಲು ಹೋಗುವುದೆಂದರೆ ನಮ್ಮಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. "ನನ್ ಬಸ್ನಾಗೆ ಕುಂತ್ಕಂಡು ಓಯ್ತಾಳೆ, ನನ್ ಬಸ್ನಾಗೆ ಬತ್ತಾಳೆ ಮಾವ, ಇನ್ನೇನು?" ಎಂದು ಭಾವ ಮೀಸೆ ಸವರಿದ ಮೇಲೆ ಅಪ್ಪ ತೆಪ್ಪಗಾದರು. ನಮ್ಮೂರ ಗೇಟಿಗೆ ನಾನು ಓಡೋಡಿ ಬರುವುದು ತಡವಾದರೆ ಭಾವ ಬಸ್ಸು ನಿಲ್ಲಿಸಿ ಇಳಿದು, ಟೈರಿಗೆ ಒದ್ದು ನೋಡುತ್ತಾ, ಗಾಳಿ ಕಮ್ಮಿ ಇದೆಯೇನೋ ಎಂದು ಗೊಣಗುತ್ತಾ ನಿಂತಿರುತ್ತಿದ್ದರು. ಒಳಗೆ ಜನ ಬೈಯುತ್ತಿದ್ದರು. ನಾನು ಹತ್ತಿದ ತಕ್ಷಣ ಟೈರು ಸರಿಹೋಗುತ್ತಿತ್ತು. ಇವತ್ತು ಶ್ರೀರಂಗಪಟ್ಟಣದಲ್ಲಿ ಮೇಷ್ಟರಮ್ಮ ಎನ್ನಿಸಿಕೊಂಡು ಸಂಬಳ ತಿನ್ನುತ್ತಿದ್ದೇನೆಂದರೆ ಅದರ ಪುಣ್ಯ ಆ ಟೈರಿಗೆ ಸೇರಬೇಕು.

ನನಗೆ ಜಾಗ ಅವರ ಪಕ್ಕದಲ್ಲಿ, ಇಂಜಿನ್ನಿನ ಬಾನೆಟ್ ಮೇಲೆ. ನ್ಯಾಯವಾಗಿ ಅದು ಅಕ್ಕನ ಜಾಗ. ಆದರೆ ಅಕ್ಕ ಗಂಡನ ಬಸ್ಸು ಹತ್ತಿದ್ದು ಒಂದೇ ಸಲ, ಮದುವೆಯಾದ ಹೊಸದರಲ್ಲಿ. ಹೂವು ಮುಡಿದು, ಹೊಸ ಸೀರೆ ಉಟ್ಟು, ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತಳಂತೆ. ಮೈಸೂರು ಮುಟ್ಟುವವರೆಗೂ ಭಾವ ಒಂದು ಸಲವೂ ತಿರುಗಿ ನೋಡಲಿಲ್ಲ. "ಕನ್ನಡಿ ಇತ್ತಲ್ಲಮ್ಮಿ, ಕನ್ನಡೀಲಾದ್ರೂ ನೋಡ್ಬೋದಿತ್ತಲ್ಲ?" ಎಂದು ಅಕ್ಕ ಇಷ್ಟು ವರ್ಷವಾದರೂ ಹೇಳುತ್ತಿದ್ದಳು. ಭಾವನದು ಒಂದೇ ಉತ್ತರ: "ಸ್ಟೇರಿಂಗ್ ಇಡ್ಕಂಡೋನ್ಗೆ ಎಂಡ್ತಿ ಇಲ್ಲ, ಮಕ್ಕಳಿಲ್ಲ. ಎದುರ್ಗಡೆ ಬರೋ ಲಾರಿ ಒಂದೇ." ಅಂದಿನಿಂದ ಅಕ್ಕ ಆ ಬಸ್ಸಿನ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಕೂತು, ಸಂಜೆ ಅವರು ಬರುವವರೆಗೆ ಬಾಗಿಲು ಕಾಯುವುದೇ ಅವಳ ಕೆಲಸವಾಯಿತು. ಭಾವ ಒಂದು ಆಕ್ಸಿಡೆಂಟೂ ಮಾಡಲಿಲ್ಲ. ಆದರೂ ಕಾಯುವುದು ತಪ್ಪಲಿಲ್ಲ.

ಸರ್ವೀಸಿನ ಕೊನೆಯ ವರ್ಷಗಳಲ್ಲಿ ಡ್ರೈವರುಗಳ ಕಣ್ಣಿನ ಪರೀಕ್ಷೆಯಲ್ಲಿ ಭಾವ ಸಿಕ್ಕಿಬಿದ್ದರು. ಮೈಸೂರಿನ ಡಾಕ್ಟರು ಹೇಳುವಾಗ ನಾನೂ ಜೊತೆಗಿದ್ದೆ. ಗ್ಲಾಕೋಮಾ ಅಂತೆ. ಕಣ್ಣಿನೊಳಗಿನ ನರ ಸಾಯುತ್ತಾ ಬರುತ್ತದೆ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ನೇರ ಎದುರಿನದು ಕೊನೆಗೆ. ಹೋದದ್ದು ವಾಪಸ್ ಬರುವುದಿಲ್ಲ. ಹನಿ ಹಾಕಿಕೊಂಡು ಇರುವುದನ್ನು ಕಾಪಾಡಿಕೊಳ್ಳಬೇಕು, ಅಷ್ಟೆ. ಭಾವ ಎಲ್ಲ ಕೇಳಿಸಿಕೊಂಡು, "ಸಾರ್, ಬಸ್ಸು?" ಎಂದರು. ಡಾಕ್ಟರು ತಲೆ ಅಲ್ಲಾಡಿಸಿದರು. ಅಲ್ಲಿಂದ ರಿಟೈರ್ ಆಗುವವರೆಗೆ ಡಿಪೋದ ಒಂದು ಮೇಜಿನ ಹಿಂದೆ ಕೂರಿಸಿದರು. ಕೈಗೆ ಏನು ಕೊಟ್ಟರೂ, ಊಟದ ತಟ್ಟೆ ಕೊಟ್ಟರೂ, ಎರಡು ಬದಿ ಹಿಡಿದು ಸುಮ್ಮನೆ ತಿರುಗಿಸುತ್ತಿದ್ದರು. ನಾವೇನು ಮಾಡಲು ಸಾಧ್ಯವಿತ್ತು ಹೇಳಿ?

ರಿಟೈರ್ ಆದ ಮೇಲೆ ಒಂದು ಭಾನುವಾರ ನಾನು ಅಕ್ಕನ ಮನೆಗೆ ಹೋಗುತ್ತಿದ್ದೆ. ಕಬ್ಬಿನ ಗದ್ದೆಯ ನಡುವಿನ ರಸ್ತೆಯಲ್ಲಿ ಎದುರಿಗೆ ಒಂದು ಟ್ರಾಕ್ಟರು, ಅದರ ಟ್ರೈಲರಿನ ಮೇಲೆ ನೀಲಿ ಬಿಳಿ ಬಣ್ಣದ ಒಂದು ಫೈಬರ್ ದೋಣಿ. ದೋಣಿಯೊಳಗೆ ನಮ್ಮ ಭಾವ ನೆಟ್ಟಗೆ ಕೂತು, ಟ್ರಾಕ್ಟರು ತಿರುಗಿದ ಕಡೆಗೆಲ್ಲ ದೋಣಿಯ ಸ್ಟೇರಿಂಗ್ ತಿರುಗಿಸುತ್ತಾ ಬರುತ್ತಿದ್ದಾರೆ! ಪಕ್ಕದಲ್ಲಿ ಅವರ ಹಳೆಯ ಕಂಡಕ್ಟರ್ ಸಾಹೇಬರು. ಶ್ರೀರಂಗಪಟ್ಟಣದವರು, ಭಾವನ ಜೊತೆ ಆ ಒಂದೇ ರೂಟಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಕೆ.ಆರ್.ಎಸ್. ಹಿನ್ನೀರಿನ ಕಡೆ ಮುಚ್ಚಿಹೋದ ಒಂದು ರೆಸಾರ್ಟಿನ ಸಾಮಾನು ಮಾರುತ್ತಿದ್ದರಂತೆ. ಪ್ಲಾಸ್ಟಿಕ್ ಕುರ್ಚಿ ನೋಡಲು ಹೋದವರು ದೋಣಿ ಹೊತ್ತು ತಂದಿದ್ದರು.

"ಸ್ಟೇರಿಂಗ್ ಅದೆ ಕಣಮ್ಮಿ!" ಎಂದರು ಭಾವ, ಮೇಲಿನಿಂದಲೇ.

"ಭಾವ, ಡಾಕ್ಟರು ಏನ್ ಹೇಳಿದ್ರು?"

"ರೋಡ್ನಾಗೆ ಓಡುಸ್ಬ್ಯಾಡ ಅಂದ್ರು. ಕೆರೆ ರೋಡಾ? ಕೆರೆ ಮ್ಯಾಲೆ ಎದುರ್ಗಡೆಯಿಂದ ಯಾವನ್ ಬತ್ತಾನೆ, ಏಳು!"

ಅಕ್ಕ ಬಾಗಿಲಲ್ಲಿ ನಿಂತು ದೋಣಿಯನ್ನು ನೋಡಿದಳು, ಗಂಡನನ್ನು ನೋಡಿದಳು. "ನೆಲದ ಮ್ಯಾಲೆ ಕಾದಿದ್ದು ಸಾಲ್ದು ಅಂತ ನೀರಿನ ಮ್ಯಾಲೂ ಕಾಯ್ಬೇಕಾ ನಾನು?" ಎಂದವಳೇ ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತಳು. ಭಾವ ನನ್ನನ್ನು ಪಕ್ಕಕ್ಕೆ ಕರೆದರು. ಅವರ ದನಿ ಬೇರೆಯಾಗಿತ್ತು. "ನೀನೇ ಒಸಿ ಏಳಮ್ಮಿ ಅವ್ಳಿಗೆ. ಒಂದೇ ಒಂದ್ ಕಿತ. ಅವ್ಳ್ನ ಪಕ್ಕದಾಗೆ ಕೂರುಸ್ಕಂಡು ಕೆರೆ ಸುತ್ತ ಒಂದ್ ರೌಂಡ್ ಒಡೀಬೇಕು. ಕಣ್ಣು ಇರೋಗಂಟ ಆಗ್ಬುಡ್ಬೇಕು." ಒಳಗೆ ಹೋದರೆ ಅಕ್ಕ, "ನೀನೇ ಒಸಿ ಏಳಮ್ಮಿ ಅವ್ರಿಗೆ, ಮಾರ್ಬುಡಿ ಅಂತ." ತರಗತಿಯಲ್ಲಿ ಅರವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ನಾನು ಇವರಿಬ್ಬರ ನಡುವೆ ನಿಂತು ಕಾಫಿ ಕುಡಿದು ಬಂದೆ.

ಪಂಚಾಯ್ತಿಯವರು, ಊರ ಕೆರೆಯಲ್ಲಿ ಟಿಕೆಟ್ ಹರಿಯದೆ ಸ್ವಂತಕ್ಕೆ ಓಡಿಸುವುದಾದರೆ ನಮ್ಮ ಅಡ್ಡಿಯಿಲ್ಲ ಎಂದರು. ದೋಣಿ ನೀರಿಗಿಳಿಸಲು ಒಳ್ಳೆಯ ದಿನ ನೋಡಿದ್ದಾಯಿತು. ಹೊಸ ಗಾಡಿ ಎಂದ ಮೇಲೆ ತೊಳೆಯದೆ ಪೂಜೆ ಮಾಡುವುದುಂಟೇ? ಭಾವ ಮತ್ತು ಕಂಡಕ್ಟರ್ ಸಾಹೇಬರು ಬೆಳಿಗ್ಗೆಯೇ ಪಂಚೆ ಎತ್ತಿ ಕಟ್ಟಿ, ಡಿಪೋದಲ್ಲಿ ಬಸ್ಸು ತೊಳೆದ ಹಾಗೆ ಬಿಂದಿಗೆ ಬಿಂದಿಗೆ ನೀರು ಸುರಿದು ಉಜ್ಜಿದರು. ಸುರಿದ ನೀರು ದೋಣಿಯೊಳಗೇ ನಿಂತಿತು. ಹುಡುಕಿ ನೋಡಿದರೆ ಹಿಂಭಾಗದ ತಳದಲ್ಲಿ ಒಂದು ಬಿರಡೆ ಸಿಕ್ಕಿತು. ಕಿತ್ತರು. ನೀರೆಲ್ಲ ಸುರ್ರೆಂದು ಹೊರಗೆ ಹೋಯಿತು. ಭಾವನಿಗೆ ದೋಣಿ ಮಾಡಿದವನ ಬುದ್ಧಿ ನೋಡಿ ಮೆಚ್ಚುಗೆಯೋ ಮೆಚ್ಚುಗೆ. "ನೋಡುದ್ರಾ ಸಾಬ್ರೇ, ಒಳಕ್ಕೆ ನೀರ್ ಬಂದ್ರೆ ಒರಕ್ಕೋಗ್ಲಿ ಅಂತ ತೂತ್ ಬುಟ್ಟವ್ನೆ! ನಮ್ ಬಸ್ಗೂ ಇಂಗೇ ಇರ್ಬೇಕಿತ್ತು." ಬಿರಡೆಯನ್ನು ಒರೆಸಿ, ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟರು.

ದೋಣಿಗೆ ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದದ್ದಾಯಿತು. ನಿಂಬೆಹಣ್ಣು ಎಲ್ಲಿಡುವುದು ಎಂಬ ಚರ್ಚೆ ಬಂತು, ದೋಣಿಗೆ ಚಕ್ರವಿಲ್ಲವಲ್ಲ. ಕಂಡಕ್ಟರ್ ಸಾಹೇಬರು, "ಅರೇ, ಟ್ರೈಲರ್ದು ಚಕ್ರಕ್ಕೆ ಇಡಿ ಡ್ರೈವರ್ ಸಾಬ್, ಅದ್ರ ಮೇಲೇ ತಾನೆ ಇದು ಬಂದಿದ್ದು" ಎಂದು ತೀರ್ಪು ಕೊಟ್ಟರು. ಟ್ರೈಲರು ಹಿಂದಕ್ಕೆ ಸರಿದು, ನಿಂಬೆಹಣ್ಣು ಪಚಕ್ಕೆಂದು, ದೋಣಿ ಜಾರಿ ನೀರಿಗಿಳಿಯಿತು. ಏರಿಯ ಮೇಲೆ ನಿಂತ ಊರವರೆಲ್ಲ ಚಪ್ಪಾಳೆ ತಟ್ಟಿದರು. ಇಬ್ಬರೂ ಒಳಗೆ ಕೂತು ಕೈ ಬೀಸಿದರು. ಅಕ್ಕ ಮಾತ್ರ ಹುಬ್ಬು ಗಂಟಿಕ್ಕಿ ನೋಡುತ್ತಿದ್ದವಳು, "ಏನ್ರೀ, ದೋಣಿ ಕುಳ್ಳಗಾಯ್ತಾ ಅದೆ!" ಎಂದು ಕಿರುಚಿದಳು. ನಿಜ. ಕೈ ಬೀಸುತ್ತಿದ್ದವರು ಹಾಗೇ ಮೆಲ್ಲಗೆ ಇಳಿಯುತ್ತಿದ್ದರು. ನೀರು ಸೊಂಟಕ್ಕೆ ಬಂದ ಮೇಲೆ ಭಾವ ಎದ್ದು ನಿಂತು, "ಒಳಕ್ಕೆ ಬಂದಿದ್ದು ಒರಕ್ಕೆ ಓಯ್ತಾ ಇಲ್ವಲ್ಲಾ!" ಎಂದು ಕೂಗಿದರು. ಬಿರಡೆ ನನ್ನ ಕೈಯಲ್ಲಿದ್ದ ತಟ್ಟೆಯಲ್ಲಿ, ಕರ್ಪೂರದ ಪಕ್ಕದಲ್ಲಿ, ಕುಂಕುಮ ಹಚ್ಚಿಕೊಂಡು ಕೂತಿತ್ತು. ಪುಣ್ಯಕ್ಕೆ ಅಲ್ಲಿ ಆಳವಿರಲಿಲ್ಲ. ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದರು.

ಅದು ಶುರು. ಅಲ್ಲಿಂದ ಪ್ರತಿ ಭಾನುವಾರ ಏರಿಯ ಮೇಲೆ ಜನ ಸೇರತೊಡಗಿದರು. ಒಂದು ದಿನ ಸಾಹೇಬರು "ರೈಟ್ ರೈಟ್" ಎಂದು ಸೀಟಿ ಊದಿದರು, ಭಾವ ಇಂಜಿನ್ ಜೋರು ಮಾಡಿದರು, ನೀರು ಬುಸುಬುಸು ಕುದಿಯಿತು, ದೋಣಿ ಇದ್ದಲ್ಲೇ ಇತ್ತು. ಇಂಜಿನ್ ಮುಚ್ಚಳ ಬಿಚ್ಚಿದರು, ಊದಿದರು, ಒರೆಸಿದರು. ಬಿಸಿಲು ನೆತ್ತಿಗೆ ಬಂತು. ಕೊನೆಗೆ ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ ತಲೆ ಎತ್ತದೆಯೇ, "ಅಣ್ಣೋ, ಮರಕ್ಕೆ ಕಟ್ಟಿರೋ ಅಗ್ಗ ಬಿಚ್ಚಾದ್ರೂ ನೋಡಿ ಒಂದ್ ಕಿತ" ಎಂದಳು. ಲಂಗರು ಬೇಕು ಎಂದು ಯಾರೋ ಹೇಳಿದ್ದಕ್ಕೆ ಹಳೆಯ ತೂಕದ ಕಲ್ಲಿಗೆ ಹೊಸ ಹಗ್ಗ ಬಿಗಿದು, ದೇವರ ಹೆಸರು ಹೇಳಿ ಕೆರೆಗೆ ಎಸೆದರು. ಕಲ್ಲು ಹೋಯಿತು, ಹಿಂದೆಯೇ ಹಗ್ಗ ಪೂರ್ತಿ ಹೋಯಿತು. ಹಗ್ಗದ ಇನ್ನೊಂದು ಕೊನೆಯನ್ನು ದೋಣಿಗೆ ಕಟ್ಟಬೇಕೆಂದು ಹೇಳಿಕೊಟ್ಟವರು ಯಾರು?

ನಾಗಮಂಗಲದ ನೆಂಟರು ಬಂದ ದಿನವಂತೂ ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲರೂ ಬಸ್ಸಿಗೆ ನುಗ್ಗುವ ಹಾಗೆ ಒಂದೇ ಕಡೆಯಿಂದ ನುಗ್ಗಿದರು. ದೋಣಿ ಆ ಕಡೆ ವಾಲಿತು. ಆಗ ಕಂಡಕ್ಟರ್ ಸಾಹೇಬರಿಗೆ ಹಳೆಯ ಹುರುಪು ಬಂದುಬಿಟ್ಟಿತು. "ಒಳಗೆ ನಡೀರಿ, ಹಿಂದ್ಗಡೆ ಖಾಲಿ ಇದೆ, ಬಾಗ್ಲಲ್ಲಿ ನಿಲ್ಬೇಡಿ, ಹಿಂದಕ್ ಹೋಗಿ, ಹಿಂದಕ್ ಹೋಗಿ!" ಜನ ವಿಧೇಯರಾಗಿ ಹಿಂದಕ್ಕೆ ಹೋದರು. ಇಂಜಿನ್ನೂ ಹಿಂದೆಯೇ ಇತ್ತಲ್ಲ! ದೋಣಿಯ ಮೂತಿ ಆಕಾಶ ನೋಡಿತು. ಮುಂದೆ ಸ್ಟೇರಿಂಗ್ ಹಿಡಿದು ಕೂತಿದ್ದ ಭಾವ ಎಲ್ಲರಿಗಿಂತ ಮೇಲಕ್ಕೆ ಹೋಗಿ, ಅಲ್ಲಿಂದಲೇ, "ಸಾಬ್ರೇ, ಓವರ್ ಲೋಡು!" ಎಂದು ಕೂಗಿದರು. ಎಲ್ಲರೂ ಮೊಣಕಾಲುದ್ದ ನೀರಿಗೆ ಉರುಳಿ ಎದ್ದರು. ಅತ್ತಿಗೆಯೊಬ್ಬರ ಚಪ್ಪಲಿ ಇವತ್ತಿಗೂ ಸಿಕ್ಕಿಲ್ಲ.

ದಡ ಹತ್ತಿರ ಬಂದಾಗಲೆಲ್ಲ ಭಾವನ ಬಲಗಾಲು ತಾನಾಗಿ ಕೆಳಗೆ ಒತ್ತುತ್ತಿತ್ತು. ಅಲ್ಲಿ ಬ್ರೇಕು ಎಲ್ಲಿಂದ ಬರಬೇಕು? ಇಂಜಿನ್ ನಿಲ್ಲಿಸಿದರೂ ದೋಣಿ ಮುಂದೆ ಹೋಗುತ್ತದೆ ಎಂಬುದು ಅವರ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಾಗಲಿಲ್ಲ. ಒಮ್ಮೆ ಹಾಗೇ ಬಂದು, ಎಮ್ಮೆ ತೊಳೆಯುವ ಮೆಟ್ಟಿಲಿಗೆ ನುಗ್ಗಿದರು. ಎಮ್ಮೆಗಳು ಬೇಜಾರಿನಿಂದ ಎದ್ದು ನಡೆದವು. ಅವುಗಳ ಯಜಮಾನ, "ಏನ್ ಡ್ರೈವರಣ್ಣೋ, ಇಲ್ಲಿ ಸ್ಟಾಪ್ ಇಲ್ವಲ್ಲ!" ಎಂದ. ಭಾವನೂ ಸೇರಿ ಎಲ್ಲರೂ ಬಿದ್ದುಬಿದ್ದು ನಕ್ಕರು. ಅಕ್ಕ ಮಾತ್ರ ಏರಿಯ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದಳು. ನಗುವುದಿಲ್ಲ, ದೋಣಿ ಹತ್ತುವುದಿಲ್ಲ, ಮನೆಗೂ ಹೋಗುವುದಿಲ್ಲ. ದೋಣಿ ದಡಕ್ಕೆ ಬಂದ ಮೇಲೆಯೇ ಏಳುತ್ತಿದ್ದಳು. ಪ್ರತಿ ಸಲ ಭಾವ ಪಕ್ಕದ ಸೀಟು ಟವೆಲಿನಿಂದ ಒರೆಸಿ, "ಬಾರಮ್ಮಿ" ಎನ್ನುತ್ತಿದ್ದರು. ಪ್ರತಿ ಸಲ ಅವಳು, "ನಂಗ್ ಒಲೆ ಮ್ಯಾಲೆ ಕೆಲ್ಸ ಅದೆ" ಎನ್ನುತ್ತಿದ್ದಳು.

ಆಮೇಲೆ ಬೊಡ್ಡೆಯ ದಿನ ಬಂತು. ಕೆರೆಯಂಗಳದಲ್ಲಿ ಹಿಂದೆ ಕರಿಜಾಲಿ ಮರಗಳಿದ್ದವು. ಒಂದು ಬೊಡ್ಡೆ ನೀರಿನಿಂದ ಆಳೆತ್ತರ ಎದ್ದು ನಿಂತಿತ್ತು. ಊರಿಗೆಲ್ಲ ಗೊತ್ತಿರುವ ಬೊಡ್ಡೆ, ಮೇಲೆ ಸದಾ ನೀರುಕಾಗೆ. ಆವತ್ತು ನಾನು ದೋಣಿಯಲ್ಲಿದ್ದೆ. ಎಡಗಡೆ ಬೊಡ್ಡೆ ಬರುತ್ತಿರುವುದು ನನಗೆ ಕಾಣುತ್ತಿತ್ತು. ಸುತ್ತಿಕೊಂಡು ಹೋಗುತ್ತಾರೆ ಎಂದುಕೊಂಡು ಸುಮ್ಮನಿದ್ದೆ. ಸುತ್ತಲಿಲ್ಲ. ದಡಾರನೆ ಬಡಿಯಿತು, ನಾನು ಮಗುಚಿ ಬಿದ್ದೆ, ಕಾಗೆ ಹಾರಿತು. ಏರಿಯ ಮೇಲೆ ನಗೆಯೋ ನಗೆ. ಭಾವ ಎದ್ದು ನಿಂತು, "ಬೊಡ್ಡೆ ಸೈಡ್ ಕೊಡ್ನಿಲ್ಲ ಕಣ್ರಪ್ಪೋ!" ಎಂದು ಕೂಗಿದರು. ಜನ ಇನ್ನೂ ನಕ್ಕರು. ಅವರು ಮಾತ್ರ ಕೈ ಚಾಚಿ ಬೊಡ್ಡೆಯನ್ನು ತಡವಿ ನೋಡುತ್ತಿದ್ದರು.

ದಡಕ್ಕೆ ಬಂದ ಮೇಲೆ ಮೆಲ್ಲಗೆ ಕೇಳಿದೆ. "ಭಾವ, ಕಾಣಿಸ್ಲಿಲ್ವಾ?"

ಹಗ್ಗ ಸುತ್ತುತ್ತಲೇ ಹೇಳಿದರು. "ಕಾಣ್ನಿಲ್ಲ ಕಣಮ್ಮಿ. ಎರಡ್ ಕಡೆನೂ ಯಾರೋ ಕದ ಎಳ್ಕಂಡ್ ಬತ್ತಾವ್ರೆ. ನಡೂಕೆ ಒಸಿ ಸಂದಿ ಉಳ್ದದೆ."

ಸುತ್ತಿದ ಹಗ್ಗವನ್ನು ನನ್ನ ಕೈಗೆ ಕೊಟ್ಟರು.

"ಯಾರ್ಗೂ ಏಳ್ಬ್ಯಾಡ. ನಿಮ್ಮಕ್ಕನ್ಗಂತೂ ಬ್ಯಾಡವೇ ಬ್ಯಾಡ. ದೋಣಿ ಓಡ್ಸಕ್ ಬರಾಕಿಲ್ಲ ಅಂತ ನಗ್ಲಿ ಬುಡು. ನಗೋರ್ ಮಧ್ಯ ಬದುಕ್ಬೋದು. ಅಯ್ಯೋ ಪಾಪ ಅನ್ನೋರ್ ಮಧ್ಯ ಆಗಾಕಿಲ್ಲ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ನನ್ನ ಪಾಡು. ನುಂಗಲೂ ಆಗದು, ಉಗುಳಲೂ ಆಗದು. ಅಕ್ಕನಿಗೆ ಹೇಳಿದರೆ ದೋಣಿ ಮಾರಿಸುತ್ತಾಳೆ, ಭಾವ ಅಲ್ಲಿಗೆ ಮುಗಿಯುತ್ತಾರೆ. ಹೇಳದಿದ್ದರೆ ಯಾವತ್ತಾದರೂ ಒಂದು ಭಾನುವಾರ ನಗು ನಿಂತುಹೋಗುತ್ತದೆ. ಡಾಕ್ಟರಲ್ಲಿಗೆ ಮತ್ತೆ ಕರೆದುಕೊಂಡು ಹೋದೆ. ಹನಿ ಬದಲಾಯಿಸಿದರು, ಇನ್ನು ಹೆಚ್ಚು ಮಾಡಲು ಏನಿಲ್ಲ ಎಂದರು. ಶ್ರೀರಂಗಪಟ್ಟಣದಿಂದ ಪ್ರತಿ ಭಾನುವಾರ ಬಂದು, ದೋಣಿಯಲ್ಲಿ ಅವರ ಹಿಂದೆ ಕೂತು, "ಎಡಕ್ಕೆ ಭಾವ, ಬಲಕ್ಕೆ ಭಾವ" ಎಂದು ಪಿಸುಗುಟ್ಟುವುದು ಬಿಟ್ಟು ನನ್ನಿಂದ ಬೇರೇನೂ ಆಗಲಿಲ್ಲ. ಎರಡು ಡಿಗ್ರಿ ಇಟ್ಟುಕೊಂಡು ಮಾಡುತ್ತಿದ್ದ ಘನಕಾರ್ಯ ಇದು.

ಹೀಗಿರುವಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಭಾವ ಚೊಂಬಿನಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಲು ಹೋದರು. ಲೋಟ ಇದ್ದದ್ದು ಒಂದು ಕಡೆ, ಚೊಂಬು ಬಾಗಿದ್ದು ಇನ್ನೊಂದು ಕಡೆ. ಅಕ್ಕ ಸದ್ದಿಲ್ಲದೆ ಕೈ ಚಾಚಿ, ಮಜ್ಜಿಗೆ ಬೀಳುವ ಜಾಗಕ್ಕೆ ಲೋಟವನ್ನು ಸರಿಸಿ ಹಿಡಿದಳು. ಒಂದು ಹನಿ ಚೆಲ್ಲಲಿಲ್ಲ. ಭಾವನಿಗೆ ಗೊತ್ತೇ ಆಗಲಿಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ; ಸಾರು ಬಡಿಸಿದಳು. ಅಡುಗೆಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ.

"ನಿಂಗೆ ಗೊತ್ತಾ ಅಕ್ಕ?"

"ಎರಡೊತ್ತೂ ಕಣ್ಗೆ ಹನಿ ಬುಡೋಳು ನಾನು. ನಂಗ್ ಗೊತ್ತಾಗ್ದೆ ಊರ್ನೋರ್ಗೆ ಗೊತ್ತಾದದಾ?" ಎಂದಳು. "ನೀನೂ ಅವ್ರೂ ಸೇರ್ಕಂಡು ನನ್ಗೆ ಏಳ್ದೆ ಮುಚ್ಚಿಡ್ತಾ ಇದ್ದೀವಿ ಅನ್ಕಂಡಿದ್ರಿ. ಅವ್ರ ಖುಷಿ ಯಾಕ್ ಕೆಡುಸ್ಬೇಕು ಅಂತ ಸುಮ್ಕಿದ್ದೆ." ತಟ್ಟೆ ತೊಳೆಯುತ್ತಾ, ನನ್ನ ಕಡೆ ಬೆನ್ನು ಮಾಡಿಕೊಂಡೇ, "ಈ ವಾರ ನಾನೂ ಹತ್ತೀನಿ" ಎಂದಳು.

ಆ ಭಾನುವಾರ ಅಕ್ಕ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ಕೆರೆಗೆ ಬಂದಳು. ಭಾವನಿಗೆ ನಂಬಿಕೆಯೇ ಇಲ್ಲ. ಸೀಟು ಒರೆಸಿದ್ದನ್ನೇ ಒರೆಸಿದರು. ನನ್ನನ್ನೂ ಸಾಹೇಬರನ್ನೂ ಹತ್ತಗೊಡಲಿಲ್ಲ. "ಇವತ್ತು ಸ್ಪೆಷಲ್ ಬಸ್ಸು" ಎಂದರು. ಮೊಬೈಲುಗಳು ನೀರಿಗೆ ಬಿದ್ದಾವು ಎಂದು ಅಕ್ಕ ತನ್ನ ಚೀಲವನ್ನು ನನ್ನ ಕೈಗೆ ಕೊಟ್ಟಳು. ದೋಣಿ ಗುಡುಗುಡು ಎಂದು ಹೊರಟಿತು. ಬೊಡ್ಡೆ ತಪ್ಪಿತು, ಕಮಲದ ಬಳ್ಳಿ ತಪ್ಪಿತು. ಅಕ್ಕ ಕೈ ತೋರಿಸುತ್ತಿದ್ದುದು ದಡಕ್ಕೂ ಕಾಣುತ್ತಿತ್ತು. ನಡುಕೆರೆಗೆ ಹೋದ ಮೇಲೆ ಗುಡುಗುಡು ನಿಂತುಹೋಯಿತು.

ಮೊದಲು ಬೇಕೆಂದೇ ನಿಲ್ಲಿಸಿದ್ದಾರೆ ಅಂದುಕೊಂಡೆವು. ಆಮೇಲೆ ಸಾಹೇಬರು ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಪೆಟ್ರೋಲು!" ಡಿಪೋದಲ್ಲಿ ಬಸ್ಸಿಗೆ ಡೀಸೆಲ್ ಹಾಕುವವರು ಬೇರೆ. ಭಾವ ಜನ್ಮದಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದವರಲ್ಲ. ಬೆಳಿಗ್ಗೆ ಹತ್ತಿದರೆ ಟ್ಯಾಂಕು ತುಂಬಿರುತ್ತಿತ್ತು. ದೋಣಿಯ ಇಂಜಿನ್ನಿಗೆ ಪೈಪು ಸಿಕ್ಕಿಸುವ ಪೆಟ್ರೋಲ್ ಕ್ಯಾನನ್ನು ಪ್ರತಿ ವಾರ ಬಂಕಿನಲ್ಲಿ ತುಂಬಿಸಿ ತರುತ್ತಿದ್ದವರು ಸಾಹೇಬರು. ಆ ವಾರ ಮೊಮ್ಮಗಳ ನಿಶ್ಚಿತಾರ್ಥದ ಓಡಾಟದಲ್ಲಿ ಮರೆತಿದ್ದರು. ಹುಟ್ಟು? ಇಂಜಿನ್ ಇರುವಾಗ ಹುಟ್ಟು ಯಾಕೆ ಎಂದು ಭಾವ ಅದನ್ನು ಅವರೆಬಳ್ಳಿಯ ಚಪ್ಪರಕ್ಕೆ ಕಂಬವಾಗಿ ಊರಿದ್ದರು. ಭಾವನಿಗೆ ಫೋನ್ ಮಾಡಿದೆ. ನನ್ನ ಕೈಯಲ್ಲಿದ್ದ ಅಕ್ಕನ ಚೀಲದಲ್ಲೇ ರಿಂಗಾಯಿತು.

ಮೀನು ಹಿಡಿಯುವವನ ಹರಿಗೋಲು ದಡದಲ್ಲಿ ಬೋರಲು ಬಿದ್ದಿತ್ತು. ಅವನು ಮೀನು ಮಾರಲು ಪಾಂಡವಪುರಕ್ಕೆ ಹೋಗಿದ್ದ. ಸಾಹೇಬರು ತಡೆಯಲಾರದೆ ಅದನ್ನು ನೀರಿಗೆ ತಳ್ಳಿ ಹತ್ತಿದರು. ಹರಿಗೋಲು ಹುಟ್ಟು ಹಾಕಿದ ಹಾಗೆಲ್ಲ ಬುಗುರಿಯಂತೆ ಇದ್ದಲ್ಲೇ ಸುತ್ತಿತು. "ಮುಂದಕ್ಕೆ ಹೋಗ್ತಾ ಇದೀನಾ ಟೀಚರಮ್ಮ?" ಎಂದು ಕೇಳಿದರು, ನನಗೆ ಬೆನ್ನಾಗಿ. "ಇಲ್ಲ ಸಾಹೇಬ್ರೇ" ಎಂದೆ. "ಈಗ?" ಎಂದರು, ನನಗೆ ಮುಖವಾಗಿ. ಕೊನೆಗೆ ತಲೆ ಸುತ್ತಿ ಇಳಿದು ಮಣ್ಣಿನ ಮೇಲೆ ಮಲಗಿದರು.

ನಾನು ಸೆರಗು ಬೀಸಿದೆ, ಕೂಗಿದೆ, ಗಂಟಲು ಹರಿಯಿತು. ನಡುಕೆರೆಯಿಂದ ಯಾರೂ ಕೈ ಬೀಸಲಿಲ್ಲ. ಎರಡು ತಲೆಗಳು ಎದುರುಬದುರಾಗಿ ಅಲ್ಲಾಡದೆ ಕೂತಿದ್ದವು, ದೋಣಿ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಜಗಳವಾಯಿತೇ? ಅಕ್ಕನಿಗೆ ತಲೆ ತಿರುಗಿತೇ? ಭಾವನ ಕಣ್ಣು ಪೂರ್ತಿ ಹೋಯಿತೇ? ಊಹೆ ಎಲ್ಲೆಲ್ಲಿಗೋ ಓಡಿತು. ಮೀನಿನವನು ಬಂದು ಹರಿಗೋಲಿನಲ್ಲಿ ಹೋಗಿ ಅವರನ್ನು ಎಳೆದು ತರುವಷ್ಟರಲ್ಲಿ ಹೊತ್ತು ವಾಲಿತ್ತು. ಅಕ್ಕ ಇಳಿದಳು, ಮುಖವೆಲ್ಲ ಬಿಸಿಲಿಗೆ ಕೆಂಪಾಗಿತ್ತು. ನಾನು ಇಬ್ಬರನ್ನೂ ಹಿಡಿದು ಬೈದೆ, ಅತ್ತೆ, ಮತ್ತೆ ಬೈದೆ. ಭಾವ ಅಕ್ಕನ ಹೆಗಲ ಮೇಲೆ ಕೈಯಿಟ್ಟು, ಅವಳ ಹಿಂದೆಯೇ ಹೆಜ್ಜೆ ಹಾಕುತ್ತಾ ಏರಿ ಹತ್ತಿದರು.

ಆಮೇಲೆ ಅವರು ದೋಣಿ ಮುಟ್ಟಲಿಲ್ಲ. ಮುಟ್ಟಿ ಎಂದು ಯಾರೂ ಹೇಳಲಿಲ್ಲ. ಯುಗಾದಿ ಹೊತ್ತಿಗೆ ಉಳಿದಿದ್ದ ಸಂದಿಯೂ ಮುಚ್ಚಿತು. ಕತ್ತಲಾದ ಮೇಲೆ ಭಾವ ಸಿಡುಕುತ್ತಾರೆ, ಸೊರಗುತ್ತಾರೆ ಎಂದು ನಾನು ಹೆದರಿದ್ದೆ. ಹಾಗಾಗಲಿಲ್ಲ. ಜಗುಲಿಯ ಮೇಲೆ ಕೂತು ಬಂದವರಿಗೆಲ್ಲ ಬಿರಡೆಯ ಕತೆ, ಲಂಗರಿನ ಕತೆ ಹೇಳಿ ನಗಿಸುತ್ತಿದ್ದರು. ಮಳೆಗಾಲ ಕಳೆದು ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡವರು, ಪಾಂಡವಪುರದ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಕಾರಿನಲ್ಲಿ ನಾನೇ ಅವರ ಪಕ್ಕದಲ್ಲಿದ್ದೆ. ನನ್ನನ್ನು ಓದಿಸಲು ಅಷ್ಟು ಸಲ ಬಸ್ಸು ನಿಲ್ಲಿಸಿದವರನ್ನು ಒಂದು ಗಳಿಗೆ ನಿಲ್ಲಿಸಿಕೊಳ್ಳಲು ನನ್ನ ಕೈಲಾಗಲಿಲ್ಲ.

ತಿಥಿಯೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅಕ್ಕ, ನಾನು ಇಬ್ಬರೇ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದೆವು. ಅವಳಾಗಿಯೇ ಮಾತು ತೆಗೆದಳು.

"ಆವತ್ತು ಹತ್ತೋ ಮುಂಚೆ ಪೆಟ್ರೋಲ್ ಕ್ಯಾನು ಎತ್ತಿ ನೋಡಿದ್ದೆ ಕಣಮ್ಮಿ. ಅಗುರಾಗಿತ್ತು. ಇಂಜಿನ್ನೇ ಸ್ಟಾರ್ಟ್ ಆಗಾಕಿಲ್ಲ, ದಡದಾಗೇ ಒಸಿ ಹೊತ್ತು ಪಕ್ಕದಲ್ಲಿ ಕುಂತು ಎದ್ಬುಡನ, ಅವ್ರ ಆಸೆನೂ ತೀರ್ತದೆ, ನನ್ ಭಯನೂ ಹೋಯ್ತದೆ ಅಂತ ಹತ್ತುದ್ರೆ, ಹಾಳಾದ್ದು, ಕೆರೆ ನಡುಗಂಟ ಹೋಗೋಷ್ಟು ಇತ್ತಲ್ಲ!"

ನನಗೆ ನಗು ಬಂತು, ಅವಳಿಗೂ ಬಂತು. ಸಾವಿನ ಮನೆ ಎಂಬುದನ್ನು ಮರೆತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಣ್ಣು ಒರೆಸಿಕೊಂಡು ಕೇಳಿದೆ.

"ಮತ್ತೆ ಅಷ್ಟು ಹೊತ್ತು ಅಲ್ಲಿ ಕೂತು ಏನ್ ಮಾತಾಡಿದ್ರಿ? ನಾನು ಇಲ್ಲಿ ಸತ್ತೇ ಹೋಗಿದ್ದೆ."

"ಮಾತೆಲ್ಲಿ ಬಂತು. ಇಂಜಿನ್ ನಿಂತ್ಮ್ಯಾಲೆ ಸ್ಟೇರಿಂಗ್ ಬುಟ್ಬುಟ್ಟು, ಪೂರ್ತಿ ನನ್ ಕಡಿಕೆ ತಿರಿಕ್ಕಂಡು, ನನ್ ಮಖಾನೇ ನೋಡ್ತಾ ಕುಂತ್ಬುಟ್ರು. ನಂಗೆ ನಾಚ್ಕೆ. ಏರಿ ಮ್ಯಾಲೆ ಜನ ಅವ್ರೆ, ಆ ಕಡೆ ತಿರಿಕ್ಕಳಿ ಅಂತ ಬೋದೆ. 'ಒಸಿ ಸುಮ್ಕಿರಮ್ಮಿ' ಅಂದ್ರು. 'ಎಲ್ಲಾ ಕತ್ಲಾದ್ಮ್ಯಾಲೆ ಇದೊಂದ್ ಉಳ್ಕಳ್ಳಿ ಅಂತ ನೋಡ್ಕತಾವ್ನಿ' ಅಂದ್ರು."

ಅಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಬಿಸ್ಲು ಕಣ್ಗೇ ಒಡೀತಿತ್ತು. ನೀನು ಬ್ಯಾರೆ ಅತ್ತಗಿಂದ ಬಡ್ಕತಿದ್ದೆ. ಅಲ್ಲಾಡುದ್ರೆ ಎಲ್ಲಿ ತಪ್ಪೋಯ್ತದೋ ಅಂತ ಅಂಗೇ ಕುಂತಿದ್ದೆ ಕಣಮ್ಮಿ."